ಗುಡ್ಡ ಹತ್ತಿದ ಅಲೆ

ಬೊಮ್ಮಯ್ಯ ಗುರುಗಳಿಗೆ ಪಾಳೆಯಗಾರನ ಆಜ್ಞೆ ಬಂದಿತ್ತು: ಹೊಳೆ ದಾಟಕೂಡದು, ಆಚೆ ದಡದವರ ಜೊತೆ ಮಾತಾಡಕೂಡದು.

ಬಿಟ್ಟಿ ದುಡಿಯಬೇಡಿ ಎಂದು ಜನರಿಗೆ ಹೇಳಿದ್ದೇ ಅವರ ತಪ್ಪು.

ಆಚೆ ದಡದಲ್ಲಿ ಜನ ನೀರಂಚಿನಿಂದ ಗುಡ್ಡದ ಕೋಟೆಯವರೆಗೆ ಸಾಲಾಗಿ ನಿಂತು, ಕೈಯಿಂದ ಕೈಗೆ ಕಲ್ಲು ಸಾಗಿಸುತ್ತಿದ್ದರು. ಕೂಲಿ ಇಲ್ಲ, ಹೊತ್ತಿಗೆ ಊಟವೂ ಇಲ್ಲ. ಹಿಂದಿನ ದಿನ ಒಬ್ಬ ಮುದುಕ ಕಲ್ಲಿನ ಸಮೇತ ಕುಸಿದು ಸತ್ತಿದ್ದ.

ಶಿಷ್ಯೆ ಸಾತವ್ವ ದೋಣಿಯ ಹಗ್ಗ ಬಿಚ್ಚಿದಳು. ಅವಳ ಅಣ್ಣ ಕೆಂಚ ಆ ಸಾಲಿನಲ್ಲಿ ಮೊದಲಿನವನು.

"ನಡೀರಿ ಅಯ್ಯ. ನೀವು ಹೋಗದೆ ಅವರಿಗೆ ಧೈರ್ಯ ಹೇಗೆ ಬರುತ್ತೆ?"

"ಹಗ್ಗದ ಆ ತುದಿ ಹಿಡಿದು ದೂರ ಹೋಗಿ ನಿಲ್ಲು," ಎಂದರು ಗುರುಗಳು.

ನಿಂತಳು. ಗುರುಗಳು ಈ ತುದಿಯನ್ನು ಒಮ್ಮೆ ಜೋರಾಗಿ ಝಾಡಿಸಿದರು. ಹಗ್ಗದಲ್ಲೊಂದು ಉಬ್ಬು ಎದ್ದು, ಓಡಿಹೋಗಿ ಅವಳ ಕೈಗೆ ಫಟ್ಟನೆ ಬಡಿಯಿತು.

"ನಾನು ನಿನ್ನ ಹತ್ತಿರ ಬಂದೆನಾ?"

"ಇಲ್ಲ."

"ನನ್ನ ಕೈಲಿದ್ದ ಹಗ್ಗ ಬಂತಾ?"

"ಅದು ನಿಮ್ಮ ಕೈಲೇ ಇದೆ."

"ಮತ್ತೆ ಬಡಿದದ್ದು ಯಾವುದು?"

ಸಾತವ್ವ ಉರಿಯುವ ಅಂಗೈ ನೋಡಿಕೊಂಡಳು. "ಇದು ಹಗ್ಗ ಅಯ್ಯ. ಅಲ್ಲಿರೋರು ಮನುಷ್ಯರು. ಹೆದರಿದ್ದಾರೆ."

ಗುರುಗಳು ಈಚೆ ದಡದ ನೀರಂಚಿಗೆ ಹೋಗಿ ಕೆಂಚನಿಗೆ ಎದುರಾಗಿ ನಿಂತರು. ಆಮೇಲೆ ಕೈಕಟ್ಟಿ ಕೂತುಬಿಟ್ಟರು.

ಕೆಂಚ ನೋಡಿದ. ಎತ್ತಿದ್ದ ಕಲ್ಲನ್ನು ಕೆಳಗಿಟ್ಟು ಕೂತ.

ಕಲ್ಲಿಗಾಗಿ ಕೈಚಾಚಿದ್ದ ಪಕ್ಕದ ಹೆಂಗಸು ಬರಿಗೈಯಲ್ಲಿ ಬಹಳ ಹೊತ್ತು ನಿಂತೇ ಇದ್ದಳು.

ಹೆಂಗಸೂ ಕೂತಳು. ಅವಳಿಗಿಂತ ಮೇಲೆ ನಿಂತಿದ್ದವನು ಕೂತ. ಅವನಿಗಿಂತ ಮೇಲಿದ್ದವಳೂ.

ಒಬ್ಬರೂ ನಿಂತ ಜಾಗ ಬಿಟ್ಟು ಕದಲಲಿಲ್ಲ. ಕೂರುವುದು ಮಾತ್ರ ಗುಡ್ಡ ಹತ್ತುತ್ತಾ ಹೋಯಿತು.

ಸ್ವಲ್ಪ ಹೊತ್ತಿಗೆ ದಳವಾಯಿ ಕುದುರೆಯ ಮೇಲೆ ಹೊಳೆ ದಾಟಿ ಬಂದ.

"ಆಜ್ಞೆ ಮೀರಿದೆಯಾ! ಆಚೆಗೆ ಯಾರನ್ನು ಕಳಿಸಿದೆ?"

"ಯಾರನ್ನೂ ಇಲ್ಲ."

"ಏನು ಹೇಳಿದೆ?"

"ಏನೂ ಇಲ್ಲ. ಕೂತೆ."

ದಳವಾಯಿ ಕತ್ತಿ ಹಿರಿದ. ಸಾತವ್ವ ಬಂದು ಗುರುಗಳ ಪಕ್ಕದಲ್ಲಿ ಕೂತಳು.

"ಎಲ್ಲರಿಗಿಂತ ಮೊದಲು ಕೂತವನು ಯಾರು? ನನಗೆ ಅವನ ತಲೆ ಬೇಕು."

"ನಾನೇ, ತಗೋ," ಎಂದರು ಗುರುಗಳು. "ಬೇಗ ಕಡಿದು ಹಿಂದಕ್ಕೆ ಹೋಗಪ್ಪ. ಇಷ್ಟೊತ್ತಿಗೆ ನಿಮ್ಮ ಕೋಟೆ ಬಾಗಿಲು ಕಾಯುವವನೂ ಕೂತಿರಬೇಕು."