ಚಂದ್ರನ ಗುರುತಿನ ಚೀನಾ ಕಾಸು

ಹತ್ತಿರ ಬನ್ನಿ ಮಕ್ಕಳೇ, ಗಲಾಟೆ ಬೇಡ. ಕಡಲ ದಂಡೆಯಲ್ಲಿ ಒಂದು ರಾಜ್ಯ ಇತ್ತು. ಆ ರಾಜ್ಯಕ್ಕೊಂದು ಬಂದರು, ಬಂದರಿನ ಪಕ್ಕದಲ್ಲೊಂದು ಹೊಳೆ, ಹೊಳೆ ದಾಟಿಸೋಕೆ ಒಬ್ಬಳೇ ಅಂಬಿಗಿತ್ತಿ. ಹೆಸರು ದುಗ್ಗಕ್ಕ. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ದೋಣಿ.

ಒಂದು ಮಳೆಗಾಲ ಚೀನಾ ದೇಶದ ಹಡಗು ಬಂಡೆಗೆ ಬಡಿದು ಒಡೆಯಿತು. ಬಂದರಿನ ಶೂರರೆಲ್ಲ ಬಾಗಿಲು ಹಾಕಿಕೊಂಡು ಒಲೆ ಮುಂದೆ ಕೂತಿದ್ದರು. ದುಗ್ಗಕ್ಕ ದೋಣಿ ನೂಕಿದಳು. ಒಂದು ಸಲ ಹೋದಳು, ಕೆಲವರನ್ನು ತಂದಳು. ಎರಡನೇ ಸಲ ಹೋದಳು, ಇನ್ನು ಕೆಲವರನ್ನು ತಂದಳು. ಮೂರನೇ ಸಲ ಹೋದಳು, ಹಡಗಿನ ಯಜಮಾನನನ್ನೇ ಎಳೆದು ತಂದಳು. ಅಷ್ಟರಲ್ಲಿ ದೋಣಿ ಎರಡು ಹೋಳಾಗಿತ್ತು.

ಯಜಮಾನ ಅವಳ ಗುಡಿಸಲಲ್ಲಿ ಗಂಜಿ ಕುಡಿದು ಚೇತರಿಸಿಕೊಂಡ. ಹೊರಡುವಾಗ ಒಂದು ಕಾಸು ಕೊಟ್ಟ. ನಡುವೆ ಚೌಕದ ತೂತು, ಸುತ್ತ ನಾಲ್ಕು ಅಕ್ಷರ, ಬೆನ್ನಿಗೆ ಉಗುರಿನಂಥ ಚಂದ್ರ.

"ಇದರ ಜೋಡಿ ನನ್ನ ಹತ್ರ ಇದೆ ತಾಯಿ. ಎರಡೂ ಒಂದೇ ಎರಕದಲ್ಲಿ ಹುಟ್ಟಿದ್ದು. ನಮ್ಮವರು ಬಂದಾಗ ತೋರಿಸು. ಕೇಳಿದ್ದು ಕೊಡ್ತಾರೆ."

ದುಗ್ಗಕ್ಕನಿಗೆ ಬೇಕಾಗಿದ್ದದ್ದು ಹೊಸ ದೋಣಿ ಮಾತ್ರ. ದೋಣಿ ಇಲ್ಲದೆ ಅವಳಿಗೆ ಅನ್ನವಿಲ್ಲ, ಊರಿಗೆ ಆಚೆ ದಡವಿಲ್ಲ.

ಆ ಬಂದರಿನಲ್ಲಿ ಕೇತಯ್ಯ ಅಂತ ಒಬ್ಬ ಸುಂಕದವ. ಅವನ ಹೊಟ್ಟೆ ದೊಡ್ಡದು, ಆಸೆ ಅದಕ್ಕಿಂತ ದೊಡ್ಡದು. "ನೋಡಿ ಕೊಡ್ತೀನಿ ದುಗ್ಗಕ್ಕ" ಅಂತ ಕಾಸು ಇಸಕೊಂಡ. ಅದನ್ನು ಹಸಿ ಮಣ್ಣಿಗೆ ಒತ್ತಿಸಿದ, ಕಂಚು ಕಾಯಿಸಿದ, ಮೂರು ಹೊಸ ಕಾಸು ಹೊಯ್ಯಿಸಿದ. ಹೊಗೆ ಹಿಡಿಸಿ ಹಳತು ಮಾಡಿದ. ನಕಲಿ ಒಂದನ್ನು ದುಗ್ಗಕ್ಕನಿಗೆ ಕೊಟ್ಟ. ಮಿಕ್ಕ ಎರಡನ್ನು ಭಾವಮೈದುನರಿಗೆ ಆದೀತು ಅಂತ ಸೊಂಟದ ಚೀಲಕ್ಕೆ ಹಾಕಿದ. ಅಸಲಿಯನ್ನು ತಾನೇ ಇಟ್ಟುಕೊಂಡ.

ಕಾಲ ಕಳೆಯಿತು. ಹಳೇ ಯಜಮಾನ ತೀರಿಕೊಂಡ. ಅವನ ತಮ್ಮ ಲಿನ್ ಹಡಗು ತಂದ. ನಮ್ಮ ಜನ ಬಿಡುತ್ತಾರೆಯೇ? ಇಳಿದ ದಿನವೇ ಅವನನ್ನು ಲಿನ್ನಪ್ಪ ಮಾಡಿದರು. ಲಿನ್ನಪ್ಪ ರಾಜನ ಮುಂದೆ ಕೈಮುಗಿದ.

"ಮಹಾಸ್ವಾಮಿ, ಅಣ್ಣನ ಜೀವ ಉಳಿಸಿದವರ ಋಣ ನಮ್ಮ ಮೇಲಿದೆ. ಗುರುತಿನ ಕಾಸು ಯಾರ ಹತ್ರ ಇದೆ?"

ದುಗ್ಗಕ್ಕ ಬಂದಳು. ಕೇತಯ್ಯನೂ ಬಂದ. "ಕಾಪಾಡಿದ್ದು ನಾನು" ಅಂದ. ಊರಿನವರು ಬಾಯಿಗೆ ಬೀಗ ಹಾಕಿಕೊಂಡರು. ಅವನೆದುರು ಮಾತಾಡಿದರೆ ಮರುದಿನ ಸುಂಕ ಏರುತ್ತಿತ್ತು.

ಲಿನ್ನಪ್ಪ ಇಬ್ಬರ ಕಾಸನ್ನೂ ಇಸಕೊಂಡು ಅಕ್ಷರ ನೋಡಿದ. ಎರಡೂ ಒಂದೇ. ಬೆನ್ನಿನ ಚಂದ್ರ ನೋಡಿದ. ಚಂದ್ರನಿಲ್ಲದ ಕಾಸುಂಟು, ಚುಕ್ಕಿ ಇರುವ ಕಾಸುಂಟು, ಚಂದ್ರ ಕೆಳಗಿರುವ ಕಾಸೂ ಉಂಟು. ಇವೆರಡರಲ್ಲೂ ಚಂದ್ರ ಮೇಲೇ ಇದ್ದ. ಆಮೇಲೆ ಯಾರಿಗೂ ಕಾಣದಂತೆ ಆಚೆ ತಿರುಗಿ ಒಂದು ಚೌಕದ ಕಡ್ಡಿಗೆ ಅಣ್ಣ ಬಿಟ್ಟುಹೋದ ಜೋಡಿ ಕಾಸನ್ನೂ ಇವೆರಡನ್ನೂ ಪೋಣಿಸಿ ಅಂಚು ಸವರಿದ. ದುಗ್ಗಕ್ಕನದು ಕೂದಲೆಳೆಯಷ್ಟು ಚಿಕ್ಕದು.

ಯಾಕೆ ಗೊತ್ತಾ? ಕಾಯಿಸಿದ ಲೋಹ ಆರುವಾಗ ಕುಗ್ಗುತ್ತದೆ. ಕಾಸನ್ನು ಒತ್ತಿ ಕಾಸು ಹೊಯ್ದರೆ ಮರಿ ಯಾವಾಗಲೂ ತಾಯಿಗಿಂತ ಚಿಕ್ಕದು. ಚಿಕ್ಕದು ನಕಲಿ, ಸರಿ. ನಕಲಿ ಮಾಡಿದವರು ಯಾರು? ಅದನ್ನು ತಿಳಿಯೋಕೆ ಲಿನ್ನಪ್ಪ ಒಂದು ಸುಳ್ಳು ಹೇಳಿದ.

"ನಮ್ಮ ದೇಶದಲ್ಲಿ ಚಿಕ್ಕದೇ ಅಸಲಿ. ದೊಡ್ಡದು ನಕಲಿ."

ದುಗ್ಗಕ್ಕ ಸುಮ್ಮನಿದ್ದರೆ ಸಾಕಿತ್ತು, ದೋಣಿ ಅವಳದೇ. ಅವಳ ಕಣ್ಣಲ್ಲಿ ನೀರು ಬಂತು.

"ಹಂಗಾದ್ರೆ ನಂಗೇನೂ ಬ್ಯಾಡ ಸ್ವಾಮಿ. ಇದು ನಿಮ್ಮಣ್ಣ ಕೊಟ್ಟ ಕಾಸಲ್ಲ. ದೋಣಿ ಒಡೆದ ಮ್ಯಾಲೆ ಉಳಿದ ಹುಟ್ಟಿನ ಹಿಡಿಯಲ್ಲಿ ಗುಳಿ ಕೊರೆದು ಅದನ್ನ ಕೂರಿಸಿದ್ದೆ, ಬಿಗಿಯಾಗಿ ಕೂತಿತ್ತು. ಕೇತಯ್ಯನೋರು ನೋಡಿ ವಾಪಸು ಕೊಟ್ಟ ಮ್ಯಾಲೆ ಲೊಡಲೊಡ ಅಂತದೆ. ಆ ಪುಣ್ಯಾತ್ಮನ ಹೆಸರಲ್ಲಿ ಸುಳ್ಳು ಹೇಳಲಾರೆ."

ಕೇತಯ್ಯನಿಗೆ ಹಾಲು ಕುಡಿದಷ್ಟು ಸಂತೋಷ. "ನೋಡಿದ್ರಾ, ಅವಳೇ ಒಪ್ಪಿಕೊಂಡ್ಳು! ಚಿಕ್ಕದು ನನ್ನ ಹತ್ರ ಇದೆ. ಒಂದಲ್ಲ, ಎರಡಿದೆ!" ಅಂತ ಚೀಲ ಬಿಚ್ಚಿ ಸುರಿದ.

ಲಿನ್ನಪ್ಪ ಮೆಲ್ಲಗೆ ಕೇಳಿದ, "ನಮ್ಮಣ್ಣ ಕೊಟ್ಟಿದ್ದು ಒಂದೇ ಕಾಸು. ನಿನ್ನ ಹತ್ರ ಮೂರು ಹೆಂಗೆ ಬಂತಪ್ಪಾ?"

ಕೇತಯ್ಯ ಸುರಿದ ಕಾಸನ್ನು ಬಾಚಿ ಮತ್ತೆ ಚೀಲಕ್ಕೆ ತುಂಬೋಕೆ ಹೋದ. ಲಿನ್ನಪ್ಪ ಹುಟ್ಟು ತರಿಸಿ ದೊಡ್ಡ ಕಾಸನ್ನು ಗುಳಿಗೆ ಒತ್ತಿದ. ಬಿಗಿಯಾಗಿ ಕೂತಿತು. ಲಿನ್ನಪ್ಪ ತುಂಬಿದ ಸಭೆಯಲ್ಲಿ ದುಗ್ಗಕ್ಕನ ಕಾಲಿಗೆ ಬಿದ್ದ. "ನೀನಿಲ್ಲದಿದ್ರೆ ನಂಗೆ ಅಣ್ಣ ಇರ್ತಿರಲಿಲ್ಲ ತಾಯಿ" ಅಂತ ಅತ್ತೇ ಬಿಟ್ಟ.

ಹಡಗಿನ ಬಡಗಿಗಳು ದಂಡೆಯಲ್ಲೇ ದೋಣಿ ಕಟ್ಟಿದರು. ನಾಚಿಕೆಪಟ್ಟ ಊರಿನವರು ಮರ ಹೊತ್ತರು, ಹಗ್ಗ ಹೊಸೆದರು, ದುಗ್ಗಕ್ಕನಿಗೆ ಕೈಮುಗಿದರು. ರಾಜ ಕೇತಯ್ಯನನ್ನು ಕೆಲಸದಿಂದ ಕಿತ್ತು "ಹೊಳೆಯಾಚೆ ತೊಲಗು" ಅಂದ.

ಹೊಳೆ ದಾಟೋಕೆ ಇದ್ದದ್ದು ಒಂದೇ ದೋಣಿ. ಕೇತಯ್ಯ ಗಂಟು ಹಿಡಿದು ದಂಡೆಯಲ್ಲಿ ತಲೆ ತಗ್ಗಿಸಿ ನಿಂತ. ದುಗ್ಗಕ್ಕ ಅವನನ್ನೊಮ್ಮೆ ನೋಡಿದಳು. "ಹತ್ತಿ ಕೂತ್ಕಳಿ. ನಡುವೆ ಸುಳಿ ಅದೆ, ಅಂಚು ಗಟ್ಟಿ ಹಿಡ್ಕಳಿ" ಅಂದಳು.

ತಿಳೀತಾ ಮಕ್ಕಳೇ? ಇನ್ನೊಬ್ಬರು ಮಾಡಿದ ಉಪಕಾರವನ್ನು ತನ್ನದೆಂದು ಹೇಳಿಕೊಂಡವನು ಸಿಕ್ಕಿಬೀಳುತ್ತಾನೆ. ನಿಮಗೆ ಯಾರಾದರೂ ಉಪಕಾರ ಮಾಡಿದರೆ ಮರೆಯಬೇಡಿ, ಹುಡುಕಿಕೊಂಡು ಹೋಗಿ ಕೈಮುಗಿಯಿರಿ. ಈಗ ಏಳಿ, ಅನ್ನ ಬೇಯಿಸಿ ಕಾಯುತ್ತಿರುವ ನಿಮ್ಮಮ್ಮನಿಂದಲೇ ಶುರು ಮಾಡಿ.