ಹಳೆಯ ಎಳೆ, ಹೊಸ ರೇಷ್ಮೆ

"ಬುದ್ಧಿ, ಮಂಡಿ ಬದಲಾಯಿಸೋರು ಡಾಕ್ಟರು. ಅದಕ್ಕೆ ಮುಂಚೆ ನಾನ್ಯಾಕೆ ಇಷ್ಟು ಒದ್ದಾಡಬೇಕು?" ಎಂದು ದೇವೀರಮ್ಮ ಗುರುಗಳನ್ನು ಕೇಳಿದಳು.

ಮಠದ ಪಂಕ್ತಿಯಲ್ಲಿ ಬಗ್ಗಿ ಬಡಿಸಿ ಬಡಿಸಿ ಅವಳ ಮಂಡಿಗಳು ಸವೆದುಹೋಗಿದ್ದವು. ಮತ್ತೊಮ್ಮೆ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಬಡಿಸಿಕೊಂಡು ಹೋಗಬೇಕೆಂಬುದೊಂದೇ ಅವಳ ಆಸೆ. ಆದರೆ ಡಾಕ್ಟರು ಈ ಸಲವೂ ವಾಪಸ್ಸು ಕಳಿಸಿದ್ದರು. ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ, ಹುಳುಕು ಹಲ್ಲಿಗೆ ಚಿಕಿತ್ಸೆಯಾಗಲಿ, ಹೊಗೆಸೊಪ್ಪು ಬಿಡು, ದಿನವೂ ತೊಡೆಗೆ ವ್ಯಾಯಾಮ ಮಾಡು, ಆಪರೇಷನ್ ಆಮೇಲೆ ಎಂದಿದ್ದರು. ಮಂಡಿಗೂ ಹಲ್ಲಿಗೂ ಏನು ನಂಟೋ ಅವಳಿಗೆ ತಿಳಿಯಲಿಲ್ಲ.

"ನೋಯೋ ಕಾಲನ್ನೇ ಎತ್ತು ಅಂತಾರೆ. ಎತ್ತೋಕಾಗಿದ್ದರೆ ಅವರ ಹತ್ತಿರ ಯಾಕೆ ಹೋಗ್ತಿದ್ದೆ? ಸಾಕಾಗಿಹೋಗಿದೆ ಬುದ್ಧಿ." ಗುರುಗಳ ಮುಂದೆ ಅಗಿಯಲಾಗದೆ, ಹೊಗೆಸೊಪ್ಪನ್ನು ದವಡೆಗೆ ಒತ್ತಿಕೊಂಡೇ ಮಾತಾಡುತ್ತಿದ್ದಳು.

ಗುರುಗಳು ಅದನ್ನು ಕಂಡೂ ಕಾಣದವರಂತೆ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಹರೆಯವೆಲ್ಲ ಊರವರ ಮದುವೆಗೆ ಸೀರೆ ನೇಯ್ದವನು. ಅವನ ಹೆಂಡತಿ ಮಾತ್ರ ಒಮ್ಮೆಯೂ ರೇಷ್ಮೆ ಉಟ್ಟವಳಲ್ಲ. ಕಣ್ಣು ಪೂರ್ತಿ ಮಂಜಾಗುವ ಮೊದಲು ಅವಳಿಗೊಂದು ಸೀರೆ ನೇಯಬೇಕೆಂದು ಒಳ್ಳೆಯ ರೇಷ್ಮೆ ತಂದ. ನೇಕಾರರು ಹಿಂದಿನ ನೇಯ್ಗೆಯ ಎಳೆಗಳ ತುದಿಯನ್ನು ಮಗ್ಗದ ಸಣ್ಣ ಸಂದುಗಳಲ್ಲೇ ಬಿಟ್ಟಿರುತ್ತಾರೆ. ಅದರ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಹೊಸೆದು ಸೇರಿಸಿ ಮೆಲ್ಲಗೆ ಎಳೆಯುತ್ತಾರೆ. ಹಳೆಯದು ಮುಂದೆ ಹೋಗಿ ಹೊಸದನ್ನು ಕರೆದುಕೊಂಡು ಬರುತ್ತದೆ.

ಇವನ ಮಗ್ಗ ಬಹಳ ಕಾಲ ಸುಮ್ಮನಿತ್ತು. ಹಳೆಯ ಎಳೆಗಳು ತೇವ ಕುಡಿದು ನವೆದು ಬಲ ಕಳೆದುಕೊಂಡಿದ್ದವು.

ಹೆಂಡತಿ ಹೇಳಿದಳು: "ಅವಸರ ಬೇಡಿ. ನವೆದಿರೋ ಎಳೆ ತೆಗೆದು ಬೇರೆ ಹಾಕೋಣ. ಉಳಿದದ್ದಕ್ಕೆ ಗಂಜಿ ಹಚ್ಚಿ ಒಣಗಿಸೋಣ."

"ನನ್ನ ಕೈಲಿ ಇನ್ನು ಆಗಲ್ಲ ಕಣೇ. ಕೊನೆಗೆ ಕತ್ತರಿಸಿ ಬಿಸಾಕೋ ಎಳೆಗೆ ಯಾಕಿಷ್ಟು ಉಪಚಾರ? ಸೀರೆ ಆಗೋದು ರೇಷ್ಮೆ ತಾನೆ?" ಎಂದ.

ಅವನು ಸೋಮಾರಿಯಲ್ಲ, ಸೋತುಹೋದವನು. ಸೋತವನಿಗೆ ಹೊಸದೊಂದು ಕೈಗೆ ಬಂದರೆ ಸಾಕು, ಕಷ್ಟವೆಲ್ಲ ಮುಗಿಯಿತು ಅನ್ನಿಸುತ್ತದೆ. ಪಾಪ, ಬಯ್ಯಲು ಮನಸ್ಸು ಬರುವುದಿಲ್ಲ.

ಎಳೆಗಳನ್ನು ಸೇರಿಸಿ ಎಳೆದ. ಹಳೆಯವು ಪಟಪಟನೆ ಕಿತ್ತುಹೋದವು. ರೇಷ್ಮೆಯಲ್ಲಿ ಒಂದೆಳೆಯೂ ತುಂಡಾಗಲಿಲ್ಲ. ಮಗ್ಗದ ಹಿಂದೆ ಹಾಗೆಯೇ ಮುದ್ದೆಯಾಗಿ ಬಿತ್ತು. ಇನ್ನು ಅದನ್ನು ಎಳೆಎಳೆಯಾಗಿ ಮಗ್ಗದ ಸಣ್ಣ ಸಂದುಗಳಲ್ಲಿ ತೂರಿಸಬೇಕು. ಅವನ ಕಣ್ಣಿಗೆ ಅದು ಆಗುವ ಕೆಲಸವಾಗಿರಲಿಲ್ಲ. ಹೆಂಡತಿ ರೇಷ್ಮೆಯನ್ನು ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಎಂದಿನ ನೂಲಿನ ಸೀರೆಯಲ್ಲೇ ಒಲೆಯ ಮುಂದೆ ಕೂತಳು.

ಗುರುಗಳು ಕತೆ ನಿಲ್ಲಿಸಿದರು.

"ರೇಷ್ಮೆ ಗಟ್ಟಿಯಾಗೇ ಇತ್ತಲ್ಲ ಬುದ್ಧಿ," ಎಂದಳು ದೇವೀರಮ್ಮ, ಮೆಲ್ಲಗೆ.

"ಗಟ್ಟಿಯಾಗೇ ಇತ್ತು ತಾಯಿ. ಮಂಡಿಯನ್ನು ಡಾಕ್ಟರು ಕೊಡುತ್ತಾರೆ. ಅದನ್ನು ತಾಳುವ ಕಾಲನ್ನು ನೀನೇ ತೆಗೆದುಕೊಂಡು ಹೋಗಬೇಕು."

ದೇವೀರಮ್ಮ ದವಡೆಯಲ್ಲಿದ್ದುದನ್ನು ಅಗಿಯಲೂ ಇಲ್ಲ, ಉಗಿಯಲೂ ಇಲ್ಲ.