ರಾಣಿಯ ತುರುಬಿನ ಕುಂಕುಮ

ಗದಗಿನಲ್ಲಿ ಚನ್ನಮಲ್ಲಪ್ಪ ಎಂಬ ಬಟ್ಟೆ ವ್ಯಾಪಾರಿ ಇದ್ದ. ಅವನ ಮನೆಯ ದೇವರಕೋಣೆಯಲ್ಲಿ ಒಂದು ತಾಮ್ರದ ತಂಬಿಗೆ, ಅದರೊಳಗೆ ಅಜ್ಜಿಯ ಕಾಲದ ಹನ್ನೆರಡು ಬೆಳ್ಳಿ ರೂಪಾಯಿ. ಎಲ್ಲದರ ಮೇಲೂ ಬ್ರಿಟಿಷ್ ರಾಣಿಯ ಮುಖ. ವರ್ಷಕ್ಕೊಮ್ಮೆ, ದೀಪಾವಳಿ ಅಮಾವಾಸ್ಯೆಗೆ ಅವು ಹೊರಗೆ ಬರುತ್ತಿದ್ದವು. ಮನೆಗೆಲಸದ ತುಂಗವ್ವ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಫಳಫಳ ಮಾಡಿ ಕೊಡುತ್ತಿದ್ದಳು. ಸಾಹುಕಾರ ಅವಕ್ಕೆ ಕುಂಕುಮ ಹಚ್ಚಿ ಲಕ್ಷ್ಮೀಪೂಜೆ ಮಾಡುತ್ತಿದ್ದ. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ತುಂಗವ್ವನಿಗಿಂತ ಮೊದಲು ಸಾಹುಕಾರನ ತಾಯಿ, ತಾಯಿಗಿಂತ ಮೊದಲು ಅಜ್ಜಿ ತಿಕ್ಕುತ್ತಿದ್ದರು. ತಿಕ್ಕಿ ತಿಕ್ಕಿ ರಾಣಿಯ ಮೂಗೇ ಸವೆದುಹೋಗಿತ್ತು.

ಒಂದು ವರ್ಷ ಸಾಹುಕಾರನಿಗೆ ಹಳೆಯ ನಾಣ್ಯ ಸಂಗ್ರಹಿಸುವ ಹುಚ್ಚು ಹಿಡಿಯಿತು. ಹುಚ್ಚು ಹಿಡಿದವನನ್ನು ಹುಡುಕಿಕೊಂಡು ಬರುವವರಿಗೆ ಈ ಲೋಕದಲ್ಲಿ ಬರವಿಲ್ಲ. ಫಣಿರಾಜ ಎಂಬ ನಾಣ್ಯದ ದಲ್ಲಾಳಿ ಗಂಟುಬಿದ್ದ. ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡಿದ್ದ. ರಾಣಿ ಮುಖದ್ದೇ ಐದು ರೂಪಾಯಿಗಳನ್ನು ದೊಡ್ಡ ಬೆಲೆಗೆ ಮಾರಿದ. ಐದೂ ಕರ್ರಗೆ, ಹೊಗೆ ಹಿಡಿದ ಹಾಗಿದ್ದವು.

"ಇವಕ್ಕ ನೀರು ಸೈತ ತಾಗಸಬ್ಯಾಡ್ರಿ. ತೊಳದ್ರ ಬೆಲಿ ಹೋಗ್ತೈತಿ," ಅಂದ.

ಆ ಮಾತೇನೋ ನಿಜ. ನಾಣ್ಯ ಸಂಗ್ರಹಿಸುವವರು ಹಳೆಯ ನಾಣ್ಯ ತೊಳೆಯುವುದಿಲ್ಲ. ಮೋಸಗಾರರ ಮೇಲೆ ನನಗೆ ಮೈ ಉರಿಯುವುದು ಇದಕ್ಕೇ. ಅವರು ಬರೀ ಸುಳ್ಳು ಹೇಳುವುದಿಲ್ಲ. ಒಂದು ನಿಜವನ್ನು ಮುಂದೆ ನಿಲ್ಲಿಸಿ ಅದರ ಹಿಂದೆ ಸುಳ್ಳನ್ನು ಬಚ್ಚಿಡುತ್ತಾರೆ.

ಅಮಾವಾಸ್ಯೆಯ ದಿನ ಬಂತು. ಪಡಸಾಲೆಯಲ್ಲಿ ನೆಂಟರು, ಅಂಗಡಿಯ ಆಳುಗಳು, ಅಕ್ಕಪಕ್ಕದವರು ಕೂತಿದ್ದರು. ಫಣಿರಾಜನೂ ಬಂದಿದ್ದ. ಸಾಹುಕಾರ ಹನ್ನೆರಡು ಹಳೆಯ ರೂಪಾಯಿಗಳನ್ನೂ ಐದು ಹೊಸದಾಗಿ ಕೊಂಡವನ್ನೂ ಒಂದೇ ತಟ್ಟೆಯಲ್ಲಿಟ್ಟು ತೋರಿಸಿದ. ಫಣಿರಾಜ ಭೂತಗನ್ನಡಿ ಹಿಡಿದು ನೋಡಿದ. ಲೊಚಗುಟ್ಟಿದ.

"ಸಾವಕಾರ್ರ, ಈ ಹನ್ನೆರಡೂ ಖೊಟ್ಟಿ. ನೂರು ವರ್ಷದ ಬೆಳ್ಳಿ ಹಿಂಗ ಹೊಳೀತೈತೇನ್ರಿ? ಯಾರೋ ಖರೇವು ಹೊಡಕೊಂಡು ಇವನ್ನ ಇಟ್ಟಾರ. ಖೊಟ್ಟಿ ರೊಕ್ಕಕ್ಕ ಪೂಜಿ ಮಾಡಬಾರದು. ಕೊಡ್ರಿ, ಗುಜರಿ ರೇಟಿಗೆ ನಾನ ಒಯ್ತೀನಿ."

ಅವನ ಆಟ ಅರ್ಥವಾಯಿತಲ್ಲ? ಅಸಲಿ ಬೆಳ್ಳಿಯನ್ನು ಗುಜರಿ ಬೆಲೆಗೆ ಹೊಡೆಯಬೇಕು. ಅದಕ್ಕಾಗಿ ಒಬ್ಬ ಬಡವಿಯ ಮಾನ ಹೋದರೆ ಹೋಗಲಿ.

"ಇವನ್ನ ಮುಟ್ಟೋರು ಯಾರು?" ಎಂದು ಸಾಹುಕಾರ ಕೇಳಿದ. ಕೇಳುವ ಅಗತ್ಯವೇ ಇರಲಿಲ್ಲ. ಎಲ್ಲರ ಕಣ್ಣೂ ಅಡುಗೆಮನೆಯ ಕಡೆ ತಿರುಗಿದ್ದವು.

ತುಂಗವ್ವ ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಖರೇವು ಎಲ್ಲಿಟ್ಟಿ?" ಎಂದು ಸಾಹುಕಾರ ಅಬ್ಬರಿಸಿದ. ಅವಳು ಬಾಯಿ ತೆರೆಯುವುದರೊಳಗೆ ಅವಳ ಚೀಲ ತರಿಸಿ ಎಲ್ಲರ ಮುಂದೆ ಸುರುವಿದ. ಬಿದ್ದದ್ದು ಎರಡು ರೊಟ್ಟಿ, ಒಂದು ಬಾಚಣಿಗೆ, ಮಂಡಿನೋವಿನ ಮುಲಾಮು. ಯಾರೋ ಕಿಸಕ್ಕನೆ ನಕ್ಕರು. ಇಪ್ಪತ್ತಾರು ವರ್ಷ ಆ ಮನೆಯ ಬೀಗದ ಕೈ ಇಟ್ಟುಕೊಂಡವಳ ರೊಟ್ಟಿ ನೆಲದ ಮೇಲೆ ಬಿದ್ದಿತ್ತು.

ತುಂಗವ್ವ ಅಳಲಿಲ್ಲ. ರೊಟ್ಟಿ ಎತ್ತಿ ಚೀಲಕ್ಕೆ ಹಾಕಿದಳು. ಆಮೇಲೆ ಹೇಳಿದಳು: "ಸಾವಕಾರ್ರ, ಆ ಗಾಜು ಇಸ್ಕೊಂಡು ರಾಣಿ ತುರುಬಿನ ಸಂದ್ಯಾಗ ನೋಡ್ರಿ."

ಸಾಹುಕಾರ ಹೊಳೆಯುವ ಒಂದು ರೂಪಾಯಿ ಎತ್ತಿ ನೋಡಿದ. "ಕೆಂಪಗ ಏನೋ ಐತಿ."

"ಅದು ನೀವ ಹಚ್ಚಿದ ಕುಂಕುಮರಿ. ನಿಮ್ಮವ್ವಾರು ಹಚ್ಚಿದ್ದು. ನಿಮ್ಮಜ್ಜಿ ಹಚ್ಚಿದ್ದು. ವರ್ಷಾ ಕಡ್ಡಿ ಹಾಕಿ ಕೆದರತೀನಿ, ಹೋಗಂಗಿಲ್ಲ. ಕಲ್ಲಾಗಿ ಕುಂತೈತಿ. ಹನ್ನೆರಡರಾಗೂ ಐತಿ, ಎಣಿಸಿ ನೋಡ್ರಿ. ಈಗ ಆ ಐದರಾಗ ಹುಡುಕ್ರಿ."

ಐದರಲ್ಲಿ ಕುಂಕುಮದ ಸುಳಿವೇ ಇರಲಿಲ್ಲ.

"ಅವು ಬ್ಯಾರೆ ಮನೀವು," ಎಂದ ಫಣಿರಾಜ.

"ಯಾವ ಮನೀವೋ ಯಪ್ಪಾ? ನೂರು ವರ್ಷದಾಗ ಒಬ್ಬಾಕಿ ಹೆಣ್ಮಗಳೂ ತಿಕ್ಕದಂಥ ಮನಿ ನಮ್ಮ ಕಡೆ ಯಾವುದೈತಿ? ಲಕ್ಷ್ಮಿಗೆ ಮಸಿ ಬಡದು ಯಾರರೆ ಪೂಜಿ ಮಾಡ್ತಾರೇನು?"

ಹೀಗೆಂದವಳೇ ಒಳಗಿನಿಂದ ಹುಣಸೆಹಣ್ಣಿನ ಬಟ್ಟಲು, ಬೂದಿ ತಂದು ಒಂದು ಕರಿ ರೂಪಾಯಿಯನ್ನು ಬಟ್ಟಲಿಗೆ ಹಾಕಿದಳು. "ತೊಳೀಬ್ಯಾಡ, ತೊಳೀಬ್ಯಾಡ!" ಎಂದು ಫಣಿರಾಜ ಎದ್ದು ಬಂದ. ತುಂಗವ್ವ ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದಳು. ಮೊದಲು ಕರಿ ಹೋಯಿತು. ಆಮೇಲೆ ತೆಳ್ಳಗಿನ ಬಿಳಿ ಹೋಯಿತು. ಅಂಚಿನಲ್ಲಿ ಹಳದಿ ಹಿತ್ತಾಳೆ ಇಣುಕಿತು. ತಲೆ ಎತ್ತಿ ನೋಡುವಷ್ಟರಲ್ಲಿ ಫಣಿರಾಜ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ. ಒಂದೇ ಕಾಲಿನದು ಸಿಕ್ಕಿತು, ಹಾಗೇ ಓಡಿದ.

ಸಾಹುಕಾರ ಬೀದಿಗೆ ಬಂದು ಅರ್ಧ ಗಂಟೆ ಅವನನ್ನು ಬೈದ. ಓಣಿಯವರೆಲ್ಲ ಕೇಳಿದರು. ಆಮೇಲೆ ಪೂಜೆ ಆಯಿತು, ಎಲೆ ಹಾಕಿದರು, ಮಂದಿ ಊಟಕ್ಕೆ ಕೂತರು. ಆಗ ಅವನು ಮೆಲ್ಲಗೆ ಅಡುಗೆಮನೆಗೆ ಬಂದು, ದನಿ ತಗ್ಗಿಸಿ, "ತಪ್ಪಾತು ತುಂಗವ್ವ. ಮನಸಿಗೆ ಹಚ್ಚಿಕೋಬ್ಯಾಡ. ಇದನ್ನ ನೀ ಇಟ್ಕೋ," ಎಂದು ಒಂದು ಬೆಳ್ಳಿ ರೂಪಾಯಿ ಚಾಚಿದ.

ತುಂಗವ್ವ ರೂಪಾಯಿ ಮುಟ್ಟಲಿಲ್ಲ.

"ಕಳ್ಳಿ ಅಂದದ್ದು ಪಡಸಾಲ್ಯಾಗ. ತಪ್ಪಾತು ಅನ್ನೋದು ಅಡಗಿಮನ್ಯಾಗೇನ್ರಿ? ಮಂದಿ ಇನ್ನಾ ಕುಂತಾರ. ಅಲ್ಲಿ ಬಂದು ಅನ್ರಿ."

ಸಾಹುಕಾರ ಪಡಸಾಲೆಯ ಕಡೆ ನೋಡಿದ. ಹತ್ತೇ ಹೆಜ್ಜೆ ದೂರ. ಬೀಗರು ಕೂತಿದ್ದರು, ಆಳುಗಳು ಕೂತಿದ್ದರು. ಕಳ್ಳನನ್ನು ಬೈಯಲು ಬೀದಿಯವರೆಗೆ ಓಡಿದ ಕಾಲು ಈಗ ಏಳಲಿಲ್ಲ. ನಿಂತಲ್ಲೇ ನಿಂತ. ತುಂಗವ್ವ ಬೀಗದ ಕೈಯನ್ನು ಒಲೆಕಟ್ಟೆಯ ಮೇಲಿಟ್ಟಳು, ಚೀಲ ತೆಗೆದುಕೊಂಡಳು, ಉಣ್ಣುವವರ ನಡುವಿನಿಂದಲೇ ನಡೆದು ಮುಂಬಾಗಿಲಿಂದ ಹೊರಟುಹೋದಳು. ಮತ್ತೆ ಬರಲಿಲ್ಲ.

ಹೊಸ ಕೆಲಸದವಳ ಕೈಗೆ ತಂಬಿಗೆ ಕೊಡಲು ಸಾಹುಕಾರನಿಗೆ ಧೈರ್ಯ ಬರಲಿಲ್ಲ. ತಾನು ತಿಕ್ಕಲು ಅವನಿಗೆ ಬರುತ್ತಿರಲಿಲ್ಲ. ಕಪಾಟಿನಲ್ಲಿಟ್ಟು ಬೀಗ ಹಾಕಿದ. ಮುಂದಿನ ದೀಪಾವಳಿಗೆ ತೆಗೆದಾಗ ಹನ್ನೆರಡೂ ಕಪ್ಪಿಟ್ಟಿದ್ದವು. ನೋಡಿದ ಬೀಗರು, "ಎಷ್ಟು ಕರ್ರಗ ಅದಾವ! ಇವು ಖರೇ ಹಳೇವು ಬಿಡ್ರಿ," ಎಂದು ಹೊಗಳಿದರು. ಚನ್ನಮಲ್ಲಪ್ಪ ಆ ಹೊಗಳಿಕೆಗೆ ತಲೆ ಎತ್ತಲಿಲ್ಲ.

ನೀತಿ: ಮಾರಲು ಬಂದವನನ್ನೇ ಪರೀಕ್ಷೆಗೆ ಕೂರಿಸಬೇಡಿ. ಬೆಳ್ಳಿಯ ಗುಣ ಕೇಳಬೇಕಾದರೆ ಅದನ್ನು ಪ್ರತಿ ವರ್ಷ ತಿಕ್ಕಿದ ಕೈಯನ್ನು ಕೇಳಿ. ಇಷ್ಟು ತಪ್ಪಿದರೆ ದುಡ್ಡು ಹೋಗುತ್ತದೆ, ಹೋಗಲಿ. ಆದರೆ ಹತ್ತು ಜನರ ಎದುರು ಒಬ್ಬರ ಮುಖಕ್ಕೆ ಮಸಿ ಬಳಿದಿದ್ದರೆ, ಅದೇ ಹತ್ತು ಜನರ ಎದುರು ನಿಂತು ಒರೆಸಿ. ಮೂಲೆಯಲ್ಲಿ ಪಿಸುಗುಟ್ಟಿದ ಕ್ಷಮೆ ಖೊಟ್ಟಿ ನಾಣ್ಯ. ಅದನ್ನು ಯಾರೂ ತೆಗೆದುಕೊಳ್ಳಬೇಕಾಗಿಲ್ಲ.